ಮೇರಿ ವಾರ್ಡ್ ಎಂಬ ಧೀರಮಹಿಳೆ

ಕಲ್ಕತ್ತೆ, ಡಾರ್ಜಿಲಿಂಗ್, ಲಕ್ನೋ ಮೊದಲಾದ ಪಟ್ಟಣಗಳಲ್ಲಿ ಲೊರೆಟೊ ಎಂಬ ಹೆಸರಿನ ಹೆಣ್ಣುಮಕ್ಕಳ ಶಾಲೆಗಳಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮದರ್ ತೆರೇಸಾ ಅವರು ಬಡವರ ಸೇವೆಗೆಂದು ಬೀದಿಗಿಳಿಯುವ ಮುನ್ನ ಸುಮಾರು ಇಪ್ಪತ್ತು ವರ್ಷ ಆ ಸಂಸ್ಥೆಯ ಸಂನ್ಯಾಸಿನಿಯಾಗಿದ್ದರೆಂಬುದೂ ಪ್ರಸಿದ್ಧವಾದ ಸಂಗತಿಯೇ. ಆದರೆ ಆ ಸಂಸ್ಥೆಯ ಮೂಲಪುರುಷರು ಯಾರೆಂದು ಕೇಳಿದರೆ ಉತ್ತರ ಕೊಡಬಲ್ಲವರು ವಿರಳ. ಮೂಲಪುರುಷರೆಂಬ ಮಾತೇ ಇಲ್ಲಿ ಸಲ್ಲದು. ಅದರ ಮೂಲದಲ್ಲಿ ಇದ್ದವಳು ಒಬ್ಬ ಸ್ತ್ರೀ. ಅಂಥವಳನ್ನು ಕರೆಯಲು ನಮ್ಮ ಭಾಷೆಯಲ್ಲಿ ಒಂದು ರೂಢಿಯ ಶಬ್ದವೂ ಇಲ್ಲದಿರುವುದನ್ನು ಈ ಲೇಖನವನ್ನು ಬರೆಯಲು ಕುಳಿತಾಗಲೇ ನಾವು ಕಂಡುಕೊಂಡೆವು. ಶಬ್ದವಿಲ್ಲದಿರುವುದಕ್ಕಿಂತ ದೊಡ್ಡ ವಿಚಿತ್ರ ಇನ್ನೊಂದಿದೆ. ಆಕೆಯನ್ನು ಸಂಸ್ಥಾಪಕಿಯೆಂದು ಹೇಳಕೂಡದೆಂದು ರೋಮಿನಿಂದಲೇ ಆಜ್ಞೆಯಾಗಿ, ಆ ಆಜ್ಞೆ ನೂರರುವತ್ತು ವರ್ಷ ಊರ್ಜಿತವಾಗಿದ್ದಿತು. ಆಕೆ ಇಂಗ್ಲೆಂಡಿನ ಮೇರಿ ವಾರ್ಡ್.

ಆಕೆ ಹುಟ್ಟಿದ್ದು 1585ನೆಯ ಜನವರಿ 23ರಂದು, ಯಾರ್ಕ್‌ಷೈರ್ ಪ್ರಾಂತದ ರಿಪನ್ ಪಟ್ಟಣಕ್ಕೆ ಸಮೀಪದ ಮುಲ್‌ವಿತ್ ಎಂಬಲ್ಲಿ. ತಂದೆ ಮಾರ್ಮಡ್ಯೂಕ್ ವಾರ್ಡ್, ತಾಯಿ ಅರ್ಸುಲಾ ರೈಟ್. ಎರಡು ಕಡೆಯವರೂ ಭೂಸ್ವತ್ತುಳ್ಳ ಕುಲೀನರು, ಎರಡು ಕಡೆಯವರೂ ರೋಮನ್ ಕ್ಯಾಥೊಲಿಕರು. ಆ ಕಾಲದ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರಾಗಿರುವುದೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಎಲಿಜಬೆತ್ ರಾಣಿಯನ್ನು ಪೋಪರು 1570ರಲ್ಲಿ ಧರ್ಮಬಾಹಿರಳೆಂದು ಸಾರಿದ್ದರು. ಅಂದಿನಿಂದ ಪೋಪರ ಭಕ್ತರೆಲ್ಲರೂ ರಾಜದ್ರೋಹಿಗಳಾಗಿರಬಹುದೆಂಬ ಸಂಶಯ ಸರ್ಕಾರವನ್ನು ಹಿಡಿಯಿತು. ಸರ್ಕಾರದ ದೇವಾಲಯಕ್ಕೆ ಹೋಗದವರಿಗೆ 1581ರಿಂದ ತಿಂಗಳಿಗೆ 20 ಪೌಂಡು ದಂಡ ವಿಧಿಸಲಾಯಿತು. ಎಂಥ ಶ್ರೀಮಂತ ಮನೆತನವನ್ನೂ ಕೆಲವು ವರ್ಷಗಳಲ್ಲಿ ನೆಲಕ್ಕೆ ತರುವ ಮೊತ್ತ ಅದು. ಮೇರಿ ಹುಟ್ಟಿದ ವರ್ಷವೇ ಇನ್ನೊಂದು ಶಾಸನ ಬಂದು, ವಿದೇಶದಲ್ಲಿ ದೀಕ್ಷೆ ಪಡೆದು ಬಂದ ಪಾದ್ರಿಗೂ, ಅವನಿಗೆ ಮನೆಯಲ್ಲಿ ಎಡೆ ಕೊಟ್ಟವರಿಗೂ ಮರಣದಂಡನೆಯೆಂದಾಯಿತು. ಮರುವರ್ಷ, 1586ರ ಮಾರ್ಚಿ ತಿಂಗಳಲ್ಲಿ, ಯಾರ್ಕ್ ನಗರದ ಮಾಂಸದ ವ್ಯಾಪಾರಿಯೊಬ್ಬನ ಹೆಂಡತಿಯಾದ ಮಾರ್ಗರೆಟ್ ಕ್ಲಿಥರೋ ಎಂಬಾಕೆಯನ್ನು ಇದೇ ಅಪರಾಧಕ್ಕಾಗಿ ಕಲ್ಲುಗಳ ಭಾರದ ಕೆಳಗೆ ಹಾಕಿ ಕೊಂದರು. ತಪ್ಪಿತಸ್ಥಳೆಂದಾಗಲಿ ಅಲ್ಲವೆಂದಾಗಲಿ ಹೇಳಲು ಆಕೆ ಒಪ್ಪಲಿಲ್ಲ. ಹೇಳಿದ್ದರೆ ವಿಚಾರಣೆ ನಡೆದು ಆಕೆಯ ಮಕ್ಕಳೇ ಸಾಕ್ಷಿ ನುಡಿಯಬೇಕಾಗುತ್ತಿತ್ತು. ಇಂಥ ಕಥೆಗಳು ಮೇರಿಯ ಪಾಲಿಗೆ ಪುರಾಣಗಳಾಗಿರಲಿಲ್ಲ. ಐದರಿಂದ ಹತ್ತರ ವಯಸ್ಸಿನವರೆಗೆ ಆಕೆಯನ್ನು ಸಾಕಿದ ಅಜ್ಜಿಯೇ ಮತಕ್ಕಾಗಿ ಹದಿನಾಲ್ಕು ವರ್ಷ ಸೆರೆಮನೆಯಲ್ಲಿದ್ದು ಬಂದವಳು.

ಪಾದ್ರಿಯು ವೇಷ ಮರೆಸಿಕೊಂಡು ರಾತ್ರಿ ಬಂದು ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದ ಆ ಕಾಲದಲ್ಲಿ ಮತವನ್ನು ಉಳಿಸಿದವರು ಮನೆಯ ಹೆಂಗಸರು. ಅವನಿಗೆ ಅಡಗುತಾಣ ಮಾಡಿಕೊಟ್ಟವರು, ಮಕ್ಕಳಿಗೆ ಪ್ರಾರ್ಥನೆ ಕಲಿಸಿದವರು, ಶೋಧಕ್ಕೆ ಬಂದ ಅಧಿಕಾರಿಗಳಿಗೆ ಬಾಗಿಲಲ್ಲಿ ಉತ್ತರ ಕೊಟ್ಟವರು ಅವರೇ. ಹೀಗೆ ಪ್ರಾಣಾಪಾಯದ ಕೆಲಸವನ್ನೆಲ್ಲ ಹೆಂಗಸರು ಮಾಡುವುದನ್ನು ಕಣ್ಣಾರೆ ಕಂಡು ಬೆಳೆದ ಹುಡುಗಿಗೆ, ಧರ್ಮಕಾರ್ಯಕ್ಕೆ ಹೆಂಗಸರು ಅಸಮರ್ಥರೆಂಬ ಮಾತು ಮುಂದೆ ಹಾಸ್ಯಾಸ್ಪದವಾಗಿ ತೋರಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಕೆಗೆ ವರಗಳು ಬಂದವು, ಎಲ್ಲವನ್ನೂ ನಿರಾಕರಿಸಿದಳು. ಕೊನೆಗೆ ಆಕೆಯ ಧರ್ಮಗುರುವಾದ ಹೋಲ್ಟ್‌ಬಿ ಎಂಬ ಪಾದ್ರಿಯೇ ಮದುವೆಯಾಗೆಂದು ಒತ್ತಾಯಿಸಿದನು. ಆತನು ಒಂದು ದಿನ ಪೂಜೆ ಮಾಡುತ್ತಿರುವಾಗ ಪಾತ್ರೆಯಲ್ಲಿದ್ದ ದ್ರಾಕ್ಷಾರಸ ಚೆಲ್ಲಿತಂತೆ. ಅದನ್ನು ದೈವದ ಸೂಚನೆಯೆಂದು ಬಗೆದು ಅಡ್ಡಿಯನ್ನು ಹಿಂತೆಗೆದುಕೊಂಡನಂತೆ. ಏತನ್ಮಧ್ಯೆ 1605ರ ನವೆಂಬರಿನಲ್ಲಿ ಪಾರ್ಲಿಮೆಂಟನ್ನು ಮದ್ದಿನಿಂದ ಹಾರಿಸುವ ಒಳಸಂಚು ಬಯಲಾಯಿತು. ಆ ಸಂಚಿನಲ್ಲಿದ್ದು ಹೋಲ್‌ಬೀಚ್ ಎಂಬ ಮನೆಯಲ್ಲಿ ಗುಂಡಿಗೆ ಬಲಿಯಾದವರಲ್ಲಿ ಜಾನ್ ರೈಟ್, ಕ್ರಿಸ್ಟೋಫರ್ ರೈಟ್ ಎಂಬ ಇಬ್ಬರು ಮೇರಿಯ ಸೋದರಮಾವಂದಿರು. ಮರುವರ್ಷ, ತನ್ನ 21ನೆಯ ವಯಸ್ಸಿನಲ್ಲಿ, ಆಕೆ ಕಡಲು ದಾಟಿ ಸ್ಪೇನಿನ ಆಡಳಿತಕ್ಕೆ ಒಳಪಟ್ಟಿದ್ದ ಸೇಂಟ್ ಓಮರ್ ಪಟ್ಟಣವನ್ನು ಸೇರಿದಳು.

ಅಲ್ಲಿ ಸಂತ ಕ್ಲಾರಾಳ ಪಂಥದ ಮಠದಲ್ಲಿ ಆಕೆಗೆ ದೊರೆತದ್ದು ಹೊರಗೆಲಸದ ಸಹೋದರಿಯ ಪದವಿ. ಕುಲೀನರ ಮಗಳು ಮನೆಮನೆಗೆ ಹೋಗಿ ಮಠಕ್ಕಾಗಿ ಭಿಕ್ಷೆ ಬೇಡಿದಳು. ವರ್ಷ ಕಳೆಯುವುದರೊಳಗೆ ಅದು ತನ್ನ ಮಾರ್ಗವಲ್ಲವೆಂದು ಹೊರಬಂದು, ಗ್ರೇವ್‌ಲಿನ್ಸ್ ಎಂಬಲ್ಲಿ ಇಂಗ್ಲಿಷ್ ಕನ್ಯೆಯರಿಗೆಂದೇ ಒಂದು ಮಠವನ್ನು ಕಟ್ಟಿದಳು; 1609ರಲ್ಲಿ ಅದನ್ನೂ ಬಿಟ್ಟಳು. ಈಕೆ ಚಂಚಲೆಯೆಂದು ಆಗ ಜನ ಆಡಿಕೊಂಡರು. ಲಂಡನ್ನಿಗೆ ಮರಳಿ, ತನ್ನಂತೆಯೇ ಯೋಚಿಸುವ ಕೆಲವು ತರುಣಿಯರನ್ನು ಕೂಡಿಸಿಕೊಂಡು, ಮತ್ತೆ ಸೇಂಟ್ ಓಮರಿಗೆ ಬಂದು ಅವರೊಡನೆ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದಳು. ವಿನಿಫ್ರೆಡ್ ವಿಗ್‌ಮೋರ್, ಮೇರಿ ಪಾಯಿಂಟ್ಜ್, ಬಾರ್ಬರಾ ಬ್ಯಾಬ್‌ಥಾರ್ಪ್, ತನ್ನ ಸ್ವಂತ ತಂಗಿ ಬಾರ್ಬರಾ ಮೊದಲಾದವರು ಆಕೆಯ ಸಂಗಡಿಗರು. 1611ರಲ್ಲಿ ಆಕೆಗೆ ಮುಂದಿನ ದಾರಿ ನಿಶ್ಚಯವಾಯಿತು. ಜೆಸುಯಿಟ್ ಪಾದ್ರಿಗಳ ಸಂಘವು ಗಂಡಸರಲ್ಲಿ ಯಾವ ಕ್ರಮದಿಂದ ನಡೆಯುತ್ತಿತ್ತೋ ಅದೇ ಕ್ರಮವನ್ನು ಹೆಂಗಸರಲ್ಲಿ ನಡೆಸುವುದೆಂದು ಆಕೆ ಸಂಕಲ್ಪಿಸಿದಳು.

ಇದರಲ್ಲಿ ಅಪರಾಧವೇನೆಂದು ವಾಚಕರು ಕೇಳಬಹುದು. ಟ್ರೆಂಟ್ ನಗರದ ಧರ್ಮಸಭೆಯು 1563ರಲ್ಲಿ ಸಂನ್ಯಾಸಿನಿಯರು ಮಠದ ಗೋಡೆಯನ್ನು ದಾಟಕೂಡದೆಂದು ವಿಧಿಸಿತ್ತು. ಐದನೆಯ ಪಯಸ್ ಪೋಪರು 1566ರಲ್ಲಿ ಆ ವಿಧಿಯನ್ನು ಇನ್ನೂ ಬಿಗಿಗೊಳಿಸಿದ್ದರು. ಕುಲೀನ ಸ್ತ್ರೀಗೆ ಎರಡೇ ಆಶ್ರಯ, ಗಂಡ ಇಲ್ಲವೇ ಗೋಡೆ. ವರದಕ್ಷಿಣೆ ಕೊಡಲಾರದ ತಂದೆಯರು ಹೆಣ್ಣುಮಕ್ಕಳನ್ನು ಮಠಗಳಿಗೆ ತಳ್ಳುತ್ತಿದ್ದುದೂ, ಅವುಗಳಲ್ಲಿ ಕೆಲವು ಶಿಥಿಲವಾಗಿದ್ದುದೂ ನಿಜವೇ; ಸುಧಾರಣೆಗೆಂದೇ ಆ ವಿಧಿ ಹುಟ್ಟಿತೆಂಬುದನ್ನು ನಾವು ಮರೆಯುವುದಿಲ್ಲ. ಆದರೆ ಮೇರಿ ಕೇಳಿದ್ದು ಬೇರೆ. ತನ್ನ ಸಂಗಡಿಗರಿಗೆ ಗೋಡೆ ಬೇಡ, ಪ್ರತ್ಯೇಕವಾದ ಉಡುಪು ಬೇಡ, ದಿನಕ್ಕೆ ಹಲವು ಸಲ ಕೂಡಿ ಹಾಡುವ ಪ್ರಾರ್ಥನೆಯ ಕಟ್ಟು ಬೇಡ. ಅವರು ಊರೂರಿಗೆ ಹೋಗಿ ಕಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಿಷಪ್ಪರಿಗಾಗಲಿ ಪಾದ್ರಿಗಳ ಯಾವುದೇ ಸಂಘಕ್ಕಾಗಲಿ ಅವರು ಅಧೀನರಾಗಿರಕೂಡದು. ಅವರ ಮೇಲಿನ ಅಧಿಕಾರಿಣಿ ಸ್ತ್ರೀಯೇ ಆಗಿರಬೇಕು, ಆಕೆ ನೇರವಾಗಿ ಪೋಪರಿಗೆ ಮಾತ್ರ ಉತ್ತರ ಹೇಳಬೇಕು. ನಮಗೆ ತೋರುವಂತೆ ಮೊದಲಿನ ಬೇಡಿಕೆಗಳನ್ನು ರೋಮ್ ಹೇಗಾದರೂ ಸಹಿಸಿಕೊಳ್ಳುತ್ತಿತ್ತು. ಈ ಕೊನೆಯದನ್ನು ಮಾತ್ರ ಸಹಿಸಲಾರದೆ ಹೋಯಿತು.

ಇಂಗ್ಲೆಂಡಿನಲ್ಲಿ ಆಕೆಯ ಸಂಗಡಿಗರು ಒಮ್ಮೆ ಒಡತಿಯರ ರೇಷ್ಮೆಯುಡುಪಿನಲ್ಲಿ, ಇನ್ನೊಮ್ಮೆ ದಾಸಿಯರ ಉಡುಪಿನಲ್ಲಿ ಓಡಾಡಿ ಮರೆಯಲ್ಲಿದ್ದ ಕ್ಯಾಥೊಲಿಕರನ್ನು ಸಂಧಿಸುತ್ತಿದ್ದರು. ಡೊರೊಥಿಯಾ ಎಂಬ ಸಾಮಾನ್ಯ ಸಹೋದರಿಯೊಬ್ಬಳು ಸಫೋಕ್ ಪ್ರಾಂತದ ಬಡವರ ಮಕ್ಕಳಿಗೆ ಪಾಠ ಹೇಳುತ್ತ, ರೋಗಿಗಳ ಶುಶ್ರೂಷೆ ಮಾಡುತ್ತ ಇದ್ದಳು. ಮೇರಿಯೂ ಹಲವು ಸಲ ಕಡಲು ದಾಟಿ ಬಂದು ಕೆಲಸ ಮಾಡಿದಳು, ಒಮ್ಮೆ ಸೆರೆಸಿಕ್ಕಿದಳು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಅಬ್ಬಟ್ ಈಕೆಯೊಬ್ಬಳನ್ನು ಆರೇಳು ಜೆಸುಯಿಟರಿಗಿಂತ ಹೆಚ್ಚು ಅಪಾಯಕಾರಿಯೆಂದು ಎಣಿಸಿದ್ದನೆಂದೂ, ಆತನು ಮನೆಯಲ್ಲಿಲ್ಲದಾಗ ಈಕೆಯೇ ಅಲ್ಲಿಗೆ ಹೋಗಿ ಕಿಟಕಿಯ ಗಾಜಿನ ಮೇಲೆ ವಜ್ರದುಂಗುರದಿಂದ ತನ್ನ ಹೆಸರನ್ನು ಗೀಚಿ ಬಂದಳೆಂದೂ ಐತಿಹ್ಯವಿದೆ. ಐತಿಹ್ಯವನ್ನು ನಂಬುವುದು ಬಿಡುವುದು ವಾಚಕರ ಇಷ್ಟ. ಶತ್ರುಗಳು ಆಕೆಯ ಶಕ್ತಿಯನ್ನು ಮಿತ್ರರಿಗಿಂತ ಚೆನ್ನಾಗಿ ಅರಿತಿದ್ದರೆಂಬುದು ಮಾತ್ರ ಸತ್ಯ.

ಮಿತ್ರರ ಮಾತನ್ನೂ ಹೇಳಬೇಕು. 1617ರಲ್ಲಿ ಸೇಂಟ್ ಓಮರಿನ ಜೆಸುಯಿಟ್ ಪಾದ್ರಿಯೊಬ್ಬನು, ಈ ಸ್ತ್ರೀಯರ ಉತ್ಸಾಹವನ್ನು ಯಾರೋ ಹೊಗಳಿದಾಗ, ಮೊದಲ ಬಿಸಿ ಆರಿದ ಮೇಲೆ ಅವರೂ ಕೇವಲ ಹೆಂಗಸರೇ ಅಲ್ಲವೇ ಎಂಬರ್ಥದ ಮಾತನ್ನಾಡಿದನು. ಅದು ಮೇರಿಯ ಕಿವಿಗೆ ಬಿದ್ದಿತು. ಆಕೆ ಸಹೋದರಿಯರನ್ನು ಕೂಡಿಸಿ ಮೂರು ಉಪನ್ಯಾಸಗಳನ್ನು ಮಾಡಿದಳು. ಕೇವಲ ಎಂಬ ಆ ಒಂದು ಶಬ್ದವನ್ನೇ ಹಿಡಿದು ಆಕೆ ವಿಚಾರಿಸಿದ ರೀತಿ ನಮ್ಮ ತರ್ಕಪಂಡಿತರನ್ನೂ ಮೆಚ್ಚಿಸುವಂಥದು. ಉತ್ಸಾಹವು ಭಾವೋದ್ರೇಕದಲ್ಲಿ ಇರುವುದಲ್ಲ, ಒಳ್ಳೆಯದನ್ನು ಮಾಡುವ ಸಂಕಲ್ಪದಲ್ಲಿ ಇರುವುದು. ಆ ಸಂಕಲ್ಪ ಸ್ತ್ರೀಗೂ ಪುರುಷನಿಗೂ ಸಮಾನವಾಗಿ ಸಾಧ್ಯ. ಆರುವುದಾದರೆ ಅದು ಆರುವುದು ಅಪೂರ್ಣತೆಯಿಂದ, ಹೆಂಗಸರಾದುದರಿಂದಲ್ಲ. ಸತ್ಯವು ಪರಮಾತ್ಮನದು, ಗಂಡಸರ ಸತ್ಯ, ಹೆಂಗಸರ ಸತ್ಯ ಎಂಬ ಭೇದ ಅದಕ್ಕಿಲ್ಲ. ಮುಂದಿನ ಕಾಲದಲ್ಲಿ ಸ್ತ್ರೀಯರಿಂದ ದೊಡ್ಡ ಕಾರ್ಯಗಳಾಗುವುದನ್ನು ಲೋಕ ಕಾಣುವುದೆಂದು ಆಕೆ ನಂಬಿದ್ದಳು. ಚರ್ಚಿನಲ್ಲಿ ಬೋಧಿಸುವ ಅಧಿಕಾರವನ್ನಾಗಲಿ ಪೂಜಾಧಿಕಾರವನ್ನಾಗಲಿ ಆಕೆ ಕೇಳಲಿಲ್ಲ. ಸ್ತ್ರೀಯರು ಬೇರೆ ಸಕಲ ವಿಷಯಗಳಲ್ಲಿ ಕೀಳೆಂದು ಎಣಿಸಲು ಆಧಾರವೇನೆಂದಷ್ಟೇ ಕೇಳಿದಳು.

ಶಾಲೆಗಳು ಲಿಯೇಜ್, ಕಲೋನ್, ಟ್ರಿಯರ್ ನಗರಗಳಿಗೆ ಹರಡಿದವು. ಹುಡುಗಿಯರಿಗೆ ಹೊಲಿಗೆಯೊಡನೆ ಲ್ಯಾಟಿನ್ನನ್ನೂ ಕಲಿಸುತ್ತಿದ್ದರು. ಸಂಸ್ಥೆಗೆ ರೋಮಿನ ಮನ್ನಣೆ ಪಡೆಯಬೇಕೆಂದು ಮೇರಿ 1621ರ ಅಕ್ಟೋಬರಿನಲ್ಲಿ ಬ್ರಸೆಲ್ಸಿನಿಂದ ಕಾಲ್ನಡಿಗೆಯಲ್ಲಿ ಹೊರಟಳು. ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ಆರಂಭವಾಗಿ ಮೂರು ವರ್ಷವಾಗಿತ್ತು; ಆಲ್ಪ್ಸ್ ಪರ್ವತಗಳಲ್ಲಿ ಚಳಿಗಾಲ. ಯಾತ್ರಿಕರ ಉಡುಪಿನಲ್ಲಿ ಕೆಲವೇ ಮಂದಿ ಸಂಗಡಿಗರೊಡನೆ ಎರಡು ತಿಂಗಳು ನಡೆದು ಡಿಸೆಂಬರ್ 24ರಂದು ರೋಮನ್ನು ಮುಟ್ಟಿದಳು. ಹದಿನೈದನೆಯ ಗ್ರೆಗರಿ ಪೋಪರು ದಯೆಯಿಂದಲೇ ಕಂಡರು. ಆದರೆ ಆಕೆಗಿಂತ ಮುಂಚೆ ಆಕೆಯ ಮೇಲಿನ ದೂರುಗಳು ಅಲ್ಲಿಗೆ ತಲುಪಿದ್ದವು.

ದೂರು ಬರೆದವರು ಇಂಗ್ಲೆಂಡಿನ ಪಾದ್ರಿಗಳು. ಅವರಿಗೂ ಜೆಸುಯಿಟರಿಗೂ ಬಹುಕಾಲದ ವೈಮನಸ್ಯ. ಜೆಸುಯಿಟರ ಮೇಲಿನ ಸಿಟ್ಟನ್ನು ಅವರು ಈ ಹೆಂಗಸರ ಮೇಲೆ ತೀರಿಸಿಕೊಂಡರು. ಜೆಸುಯಿಟಿಣಿಯರೆಂದೂ ನಾಗಾಲೋಟದ ಹುಡುಗಿಯರೆಂದೂ ಹಂಗಿಸಿದರು. ಇವರು ಗಂಡಸರಂತೆ ಊರೂರು ಅಲೆಯುತ್ತಾರೆ, ಧರ್ಮವಿಷಯ ಮಾತನಾಡುತ್ತಾರೆ, ಅಬಲೆಯರಿಗೆ ತಗದ ಕಾರ್ಯಕ್ಕೆ ಕೈಹಾಕುತ್ತಾರೆ ಎಂಬುದು ದೂರಿನ ಸಾರ. ದೂರು ಬರೆದವರನ್ನೂ ನಾವು ಅಲ್ಪರೆಂದು ತಳ್ಳಿಹಾಕಲಾರೆವು. ಗಲ್ಲುಗಂಬದ ನೆರಳಿನಲ್ಲಿ ಕೆಲಸ ಮಾಡುತ್ತಿದ್ದ ಜನ ಅವರು. ಸಣ್ಣದೊಂದು ಅಪವಾದವೂ ತಮ್ಮೆಲ್ಲರ ಪ್ರಾಣಕ್ಕೆ ಮುಳುವಾದೀತೆಂಬ ಭಯ ಅವರಿಗಿದ್ದಿತು. ಆದರೆ ಅದೇ ಗಲ್ಲುಗಂಬದ ನೆರಳಿನಲ್ಲಿಯೇ ಈ ಹೆಂಗಸರೂ ನಡೆದಾಡುತ್ತಿದ್ದರೆಂಬುದು ಅವರಿಗೆ ಹೊಳೆಯಲಿಲ್ಲ. ಇತ್ತ ಜೆಸುಯಿಟ್ ಸಂಘದ ಮುಖ್ಯಸ್ಥರಾದರೂ ನೆರವಿಗೆ ನಿಂತರೇ? ತಮ್ಮ ಸಂಘಕ್ಕೆ ಸ್ತ್ರೀಶಾಖೆ ಇರಕೂಡದೆಂಬುದು ಅವರ ಮೂಲಗುರು ಇಗ್ನೇಷಿಯಸನ ಕಟ್ಟಳೆ. ಆದುದರಿಂದ ಅವರು ದೂರ ಉಳಿದರು. ಇಬ್ಬರ ಜಗಳದಲ್ಲಿ ಬಡವಾದವರು ಹೆಂಗಸರು.

1625ರಲ್ಲಿ ರೋಮಿನ ಶಾಲೆಯನ್ನು ಮುಚ್ಚಿಸಿದರು. ಮೇರಿ ಉತ್ತರಕ್ಕೆ ಹೋದಳು. ಬವೇರಿಯದ ಮ್ಯಾಕ್ಸಿಮಿಲಿಯನ್ ದೊರೆ ಮ್ಯೂನಿಕ್ ನಗರದಲ್ಲಿ ಮನೆ ಕೊಟ್ಟನು. ಚಕ್ರವರ್ತಿ ಎರಡನೆಯ ಫರ್ಡಿನಂಡನು ವಿಯೆನ್ನಾದಲ್ಲಿ ಆಶ್ರಯವಿತ್ತನು. 1628ರಲ್ಲಿ ಪ್ರೆಸ್‌ಬರ್ಗಿನಲ್ಲಿಯೂ ಶಾಲೆಯಾಯಿತು. ದೊರೆಗಳು ಕೊಡುತ್ತಿದ್ದಂತೆಯೇ ರೋಮಿನ ಕಾರ್ಡಿನಲ್ಲರು ಕಿತ್ತುಕೊಳ್ಳುವ ನಿರ್ಣಯ ಮಾಡಿಯಾಗಿತ್ತು. ಅದೇ 1628ರಲ್ಲಿ ಸಂಸ್ಥೆಯನ್ನು ವಿಸರ್ಜಿಸುವುದೆಂದು ತೀರ್ಮಾನಿಸಿದರು. ಆದರೆ ಮೇರಿಗೆ ಆ ತೀರ್ಮಾನವನ್ನು ಲಿಖಿತರೂಪದಲ್ಲಿ ಕೊಡಲಿಲ್ಲ. ಪೋಪರ ರಾಯಭಾರಿಗಳು ಅಲ್ಲಲ್ಲಿ ಮನೆಗಳನ್ನು ಮುಚ್ಚಿಸತೊಡಗಿದರು. ಎಂಟನೆಯ ಅರ್ಬನ್ ಪೋಪರನ್ನು 1629ರಲ್ಲಿ ತಾನೇ ಕಂಡು ಬಂದಿದ್ದ ಮೇರಿ, ಇದು ಅವರ ಇಚ್ಛೆಯಾಗಿರಲಾರದೆಂದು ನಂಬಿದಳು. 1630ನೆಯ ಏಪ್ರಿಲ್ 6ರಂದು ತನ್ನವರಿಗೆ ಪತ್ರ ಬರೆದು, ಪೋಪರ ಹೆಸರಿಲ್ಲದ ಆಜ್ಞೆಗೆ ಮಣಿಯಬೇಕಾಗಿಲ್ಲವೆಂದು ತಿಳಿಸಿದಳು. ಆಕೆಯ ಜೀವನದಲ್ಲಿ ಆಕೆಗೆ ಅತ್ಯಂತ ದುಬಾರಿಯಾದ ಪತ್ರ ಇದು. ನಾವು ಪಕ್ಷಪಾತವಿಲ್ಲದೆ ಹೇಳುವುದಾದರೆ ಆಕೆ ಇಲ್ಲಿ ಎಡವಿದಳು. ರಾಯಭಾರಿಗಳ ಹಿಂದೆ ಪೋಪರೇ ಇದ್ದರು. ಆದರೆ ಬಾಯಿಮಾತಿನಲ್ಲಿ ಕರುಣೆಯನ್ನೂ ಗುಪ್ತ ಕಡತದಲ್ಲಿ ಮರಣಶಾಸನವನ್ನೂ ಇಟ್ಟುಕೊಂಡವರ ಮುಂದೆ ಸರಳಚಿತ್ತರು ಎಡವದೆ ಮತ್ತೇನು ಮಾಡಿಯಾರು?

ಪತ್ರ ರಾಯಭಾರಿಗಳ ಕೈಸೇರಿತು. 1631ನೆಯ ಜನವರಿ 13ರ ಆಜ್ಞಾಪತ್ರದಲ್ಲಿ ಪೋಪರು ಸಂಸ್ಥೆಯನ್ನು ಬೇರುಸಹಿತ ಕಿತ್ತೊಗೆದರು. ಸ್ತ್ರೀಸಹಜವಾದ ದೌರ್ಬಲ್ಯಕ್ಕೂ ಲಜ್ಜೆಗೂ ಒಪ್ಪದ ಕಾರ್ಯಗಳನ್ನು ಇವರು ಮಾಡಿದರೆಂಬುದು ಕಾರಣ. ಅವರ ವ್ರತಗಳೆಲ್ಲ ಅಸಿಂಧುವೆಂದು ಸಾರಲಾಯಿತು. ಎಂದರೆ ಇಪ್ಪತ್ತು ವರ್ಷ ಸಂನ್ಯಾಸಿನಿಯರಂತೆ ಬಾಳಿದವರು ಒಂದೇ ಹಾಳೆಯಿಂದ ದೀಕ್ಷೆಯಿಲ್ಲದ ಸಾಮಾನ್ಯ ಸ್ತ್ರೀಯರಾದರು. ಫೆಬ್ರವರಿ 7ರಂದು ಮ್ಯೂನಿಕ್ ನಗರದ ಧರ್ಮಾಧಿಕಾರಿಯು ಬಂದು ಮೇರಿಯನ್ನು ಪಾಷಂಡಿ, ಸಂಘಭೇದಕಿ, ದ್ರೋಹಿ ಎಂಬ ಆಪಾದನೆಗಳ ಮೇಲೆ ಹಿಡಿದು, ಆಂಗರ್ ಎಂಬಲ್ಲಿನ ಕ್ಲಾರಾ ಪಂಥದ ಮಠದಲ್ಲಿ ಸೆರೆಯಿಟ್ಟನು. ಕಿಟಕಿಗಳನ್ನು ಮುಚ್ಚಿದ ಸಣ್ಣ ಕೋಣೆ, ಬಾಗಿಲಿಗೆ ಸರಪಳಿ. ಗೋಡೆ ಬೇಡವೆಂದವಳಿಗೆ ಗೋಡೆಯೇ ದೊರೆಯಿತು.

ಅಲ್ಲಿಂದ ಆಕೆ ಹೊರಗಿದ್ದ ಮೇರಿ ಪಾಯಿಂಟ್ಜ್ ಮುಂತಾದವರೊಡನೆ ವ್ಯವಹರಿಸಿದ ಬಗೆ ಸ್ವಾರಸ್ಯವಾಗಿದೆ. ಸಾಮಾನುಗಳನ್ನು ಸುತ್ತಿದ ಕಾಗದದ ಮೇಲೆ ಲಿಂಬೆಯ ರಸದಿಂದ ಬರೆಯುವುದು. ಪಡೆದವರು ಬೆಂಕಿಗೆ ಹಿಡಿದು ಕಾಯಿಸಿದರೆ ಅಕ್ಷರ ಮೂಡುವುದು. ಅಂಥ 23 ಕಾಗದಗಳು ಉಳಿದುಬಂದಿವೆ. ಅವುಗಳಲ್ಲಿ ಗೋಳಾಟಕ್ಕಿಂತ ಹೆಚ್ಚಾಗಿ ಕಾಣುವುದು ಕಾರ್ಯಭಾರ: ಯಾರಿಗೆ ಬರೆಯಬೇಕು, ಯಾರನ್ನು ನಂಬಬೇಕು, ಯಾರನ್ನು ಸಂತೈಸಬೇಕು ಎಂಬ ಸೂಚನೆಗಳು.

ಸೆರೆಯಲ್ಲಿ ಆಕೆ ಮರಣೋನ್ಮುಖಳಾದಳು. ಕೊನೆಗಾಲದ ಸಂಸ್ಕಾರಗಳನ್ನು ಬೇಡಿದಾಗ, ಮೊದಲು ಒಂದು ಕಾಗದಕ್ಕೆ ಸಹಿ ಮಾಡಬೇಕೆಂದರು. ತಾನು ಮತಕ್ಕಾಗಲಿ ಚರ್ಚಿಗಾಗಲಿ ವಿರುದ್ಧವಾಗಿ ಏನಾದರೂ ಹೇಳಿದ್ದರೆ ಅಥವಾ ಮಾಡಿದ್ದರೆ ಪಶ್ಚಾತ್ತಾಪಪಡುವುದಾಗಿ ಅದರಲ್ಲಿ ಬರೆದಿದ್ದಿತು. ಮಾಡಿದ್ದರೆ ಎಂಬ ಮಾತಿನ ನಯವನ್ನು ವಾಚಕರು ಗಮನಿಸಬೇಕು. ಮೇಲಧಿಕಾರಿಗಳು ಮುಂದಿಟ್ಟ ಇಂಥ ಕಾಗದಕ್ಕೆ ಸಹಿ ಹಾಕಿ ಮನೆಗೆ ಹೋಗುವುದು ಎಷ್ಟು ಸುಲಭವೆಂಬುದನ್ನು ಕಚೇರಿಗಳಲ್ಲಿ ಕೆಲಸ ಮಾಡುವ ಮಹನೀಯರಿಗೆ ನಾವು ವಿವರಿಸಬೇಕಾಗಿಲ್ಲ. ಶ್ರದ್ಧಾವಂತ ಕ್ಯಾಥೊಲಿಕರಿಗೆ ಆ ಸಂಸ್ಕಾರವಿಲ್ಲದೆ ಸಾಯುವುದೆಂದರೆ ಪರಲೋಕವನ್ನೇ ಪಣಕ್ಕಿಟ್ಟಂತೆ. ಆದರೂ ಮೇರಿ ಸಹಿ ಮಾಡಲಿಲ್ಲ. ಮಾಡಿದ್ದರೆ ಎಂಬುದು ಮಾಡಿದೆನೆಂಬುದರ ಅರ್ಧ. ತನ್ನೊಡನೆ ಎಷ್ಟೋ ನಿರಪರಾಧಿಗಳ ಹೆಸರಿಗೂ ಮಸಿ ಹತ್ತುವುದೆಂದು ಕಾಗದವನ್ನು ಹಿಂತಿರುಗಿಸಿದಳು. ಚರ್ಚಿಗೂ ಪೋಪರಿಗೂ ವಿರುದ್ಧವಾದುದನ್ನು ತಾನೆಂದೂ ಮಾಡಿಲ್ಲವೆಂದು ತನ್ನದೇ ಮಾತುಗಳಲ್ಲಿ ಹೇಳಿಕೆ ಬರೆದುಕೊಟ್ಟಳು. ಸಂಸ್ಕಾರ ದೊರೆಯಿತು. ಆಶ್ಚರ್ಯವೆಂಬಂತೆ ಆಕೆ ಚೇತರಿಸಿಕೊಂಡಳು. ಪೋಪರ ಅಪ್ಪಣೆಯಿಂದ ಏಪ್ರಿಲಿನಲ್ಲಿ ಬಿಡುಗಡೆಯಾಯಿತು. ಸೆರೆವಾಸ ಸುಮಾರು ಒಂಬತ್ತು ವಾರ.

ವಿಸರ್ಜನೆಯ ಆಜ್ಞೆಗೆ ಆಕೆ ತಲೆಬಾಗಿದಳು. ಪಾಷಂಡಿಯೆಂಬ ಮಾತಿಗೆ ತಲೆಬಾಗಲಿಲ್ಲ. ಎರಡಕ್ಕೂ ಇರುವ ಅಂತರವನ್ನು ಆಕೆ ಕೊನೆಯವರೆಗೂ ಕಾಪಾಡಿಕೊಂಡಳು. 1632ರಲ್ಲಿ ರೋಮಿಗೆ ಹೋಗಿ ಪೋಪರ ಮುಂದೆಯೇ ತನ್ನ ನಿರ್ದೋಷವನ್ನು ನಿವೇದಿಸಿದಳು. ಆಕೆ ಪಾಷಂಡಿಯಲ್ಲವೆಂದು ಅರ್ಬನ್ ಪೋಪರೇ ಒಪ್ಪಿದರು. ಒಪ್ಪಿದರೂ ಆಜ್ಞೆಯನ್ನು ಹಿಂತೆಗೆಯಲಿಲ್ಲ, ಆಕೆಯ ಮೇಲಿನ ಗುಪ್ತಚಾರರನ್ನೂ ತೆಗೆಯಲಿಲ್ಲ. ಐದು ವರ್ಷ ಅಲ್ಲಿಯೇ ಕಳೆದು, 1637ರಲ್ಲಿ ಆರೋಗ್ಯಕ್ಕಾಗಿ ಉತ್ತರಕ್ಕೆ ಹೊರಟು, 1639ರಲ್ಲಿ ಲಂಡನ್ನನ್ನು ಸೇರಿದಳು. 1642ರಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹುಟ್ಟಲು, ಉಳಿದ ಕೆಲವು ಸಂಗಡಿಗರೊಡನೆ ಹುಟ್ಟಿದ ಯಾರ್ಕ್‌ಷೈರಿಗೇ ಮರಳಿದಳು. 1644ರ ಯಾರ್ಕ್ ನಗರದ ಮುತ್ತಿಗೆಯನ್ನೂ ಕಂಡಳು. 1645ನೆಯ ಜನವರಿ 30ರಂದು, ಅರುವತ್ತು ತುಂಬಿ ಒಂದು ವಾರವಾಗಿದ್ದಾಗ, ಹೆವರ್ತ್ ಎಂಬ ಹಳ್ಳಿಯಲ್ಲಿ ಪ್ರಾಣಬಿಟ್ಟಳು. ಕ್ಯಾಥೊಲಿಕರಿಗೆ ಸ್ಮಶಾನವೂ ದುರ್ಲಭವಾಗಿದ್ದ ಕಾಲ. ಆಸ್‌ಬಾಲ್ಡ್‌ವಿಕ್ ಎಂಬಲ್ಲಿನ ಪ್ರಾಟೆಸ್ಟಂಟರ ದೇವಾಲಯದ ಅಂಗಳದಲ್ಲಿ ಹೂಳಿದರು. ಅಲ್ಲಿ ಇಂದಿಗೂ ಇರುವ ಕಲ್ಲಿನ ಮೇಲೆ ಆಕೆಯ ಸಂಸ್ಥೆಯ ಹೆಸರಿಲ್ಲ, ಮತದ ಹೆಸರೂ ಇಲ್ಲ. ಬಡವರನ್ನು ಪ್ರೀತಿಸಿ ಅವರೊಡನೆ ಬದುಕಿ ಸಾಯುವುದೇ ಈಕೆಯ ಗುರಿಯಾಗಿತ್ತೆಂದು ಮಾತ್ರ ಕೆತ್ತಿದೆ.

ಸಂಸ್ಥೆ ಸಾಯಲಿಲ್ಲ. ಮ್ಯೂನಿಕ್ ಮೊದಲಾದೆಡೆ ಸಾಮಾನ್ಯ ಸ್ತ್ರೀಯರಾಗಿಯೇ ಕೂಡಿ ಬಾಳಿದ ಸಹೋದರಿಯರು ಶಾಲೆಗಳನ್ನು ಮತ್ತೆ ಕಟ್ಟಿದರು. 1686ರಲ್ಲಿ ಯಾರ್ಕಿನಲ್ಲಿಯೇ ಒಂದು ಮನೆಯಾಯಿತು. 1703ರಲ್ಲಿ ಹನ್ನೊಂದನೆಯ ಕ್ಲೆಮೆಂಟ್ ಪೋಪರು ಅವರ ನಿಯಮಗಳಿಗೆ ಒಪ್ಪಿಗೆಯಿತ್ತರು. ಹೆಂಗಸರನ್ನು ಹೆಂಗಸರೇ ಆಳಲೆಂದು ಅವರು ನುಡಿದರೆಂದು ಹೇಳುತ್ತಾರೆ. ಆದರೆ ಆಕ್ಸ್‌ಬರ್ಗಿನ ಬಿಷಪ್ಪರಿಗೂ ಸಂಸ್ಥೆಯ ಮುಖ್ಯಸ್ಥೆಗೂ ಅಧಿಕಾರದ ವಿವಾದ ಹುಟ್ಟಿ ರೋಮಿಗೆ ಹೋದಾಗ, ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು 1749ರಲ್ಲಿ ತೀರ್ಪು ಕೊಟ್ಟರು: ಸಂಸ್ಥೆ ಇರಬಹುದು, ಮೇರಿ ವಾರ್ಡಳನ್ನು ಅದರ ಸ್ಥಾಪಕಿಯೆಂದು ಹೇಳಕೂಡದು. ಗಿಡವನ್ನು ಇಟ್ಟುಕೊಂಡು ಬೀಜವನ್ನು ಅಲ್ಲಗಳೆದಂತಾಯಿತು. ಈ ನಿಷೇಧ ತೆರವಾದುದು 1909ರಲ್ಲಿ, ಹತ್ತನೆಯ ಪಯಸ್ ಪೋಪರಿಂದ. ಹನ್ನೆರಡನೆಯ ಪಯಸ್ ಪೋಪರು 1951ರಲ್ಲಿ ಸಾಮಾನ್ಯ ಭಕ್ತರ ಮಹಾಸಭೆಯಲ್ಲಿ ಆಕೆಯನ್ನು ಹೊಗಳಿದರು. ಆಕೆ ಕೇಳಿದ ಜೆಸುಯಿಟ್ ಕ್ರಮವು ಹೆಸರುಸಹಿತ ಒಂದು ಶಾಖೆಗೆ ದೊರೆತದ್ದು 2004ರಲ್ಲಿ. 2009ನೆಯ ಡಿಸೆಂಬರ್ 19ರಂದು ಹದಿನಾರನೆಯ ಬೆನೆಡಿಕ್ಟ್ ಪೋಪರು ಆಕೆಯನ್ನು ಪೂಜ್ಯಳೆಂದು ಘೋಷಿಸಿದರು.

ನಮ್ಮ ದೇಶಕ್ಕೆ ಐರ್ಲೆಂಡಿನ ಶಾಖೆಯವರು ಬಂದು ಕಲ್ಕತ್ತೆಯಲ್ಲಿ ಇಳಿದದ್ದು 1841ರ ಡಿಸೆಂಬರ್ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಆ ಶಾಖೆಯು ಇತರ ಮಠಗಳಂತೆಯೇ ಗೋಡೆಯ ನಿಯಮವನ್ನು ಒಪ್ಪಿಕೊಂಡಿದ್ದಿತು. ಆದುದರಿಂದ ಒಂದು ನೂರು ವರ್ಷಗಳ ತರುವಾಯ, ಎಂಟಾಲಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸಿಸ್ಟರ್ ತೆರೇಸಾ ಅವರಿಗೆ ಸುತ್ತಣ ಕೊಳೆಗೇರಿಗಳಿಗೆ ಹೋಗಿ ಕೆಲಸ ಮಾಡಬೇಕೆನಿಸಿದಾಗ, ಮೇರಿ ವಾರ್ಡಳ ಆ ಮಗಳೂ ಗೋಡೆಯ ಹೊರಗೆ ವಾಸಿಸಲು ರೋಮಿಗೆ ಅರ್ಜಿ ಬರೆಯಬೇಕಾಯಿತು. 1948ರಲ್ಲಿ ಅಪ್ಪಣೆ ಬಂದಿತು. ಆಗಸ್ಟ್ ತಿಂಗಳಲ್ಲಿ ಅವರು ನೀಲಿ ಅಂಚಿನ ಬಿಳಿಯ ಸೀರೆಯುಟ್ಟು ಬಾಗಿಲು ದಾಟಿದರು.